ಜಪಸರದ ಭಿಕ್ಷು ಜೋಸೆಫ್ ವಾಜ್

ಜಪಮಾಲೆಯೆಂಬುದು ನಮ್ಮ ನಾಡಿನವರಿಗೆ ಅಪರಿಚಿತವಾದ ವಸ್ತುವಲ್ಲ. ರುದ್ರಾಕ್ಷಿಯ ಸರವನ್ನು ಹಿಡಿದ ಶಿವಭಕ್ತರನ್ನೂ, ತುಲಸಿಮಣಿಗಳನ್ನು ಎಣಿಸುವ ವೈಷ್ಣವರನ್ನೂ, ಮಸೀದಿಯ ಜಗಲಿಯಲ್ಲಿ ಕುಳಿತು ತಸಬೀ ತಿರುಗಿಸುವ ವೃದ್ಧರನ್ನೂ ನಾವು ಕಂಡೇ ಇದ್ದೇವೆ. ಕಥೋಲಿಕ ಕ್ರೈಸ್ತರ ಮನೆಗಳಲ್ಲಿಯೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಇಂತಹುದೇ ಒಂದು ಸರ ಕೈಗೆ ಬರುತ್ತದೆ. ಕನ್ನಡದ ಕಥೋಲಿಕರು ಅದನ್ನು ಜಪಸರವೆಂದು ಕರೆಯುತ್ತಾರೆ. ಕರಾವಳಿಯ ಕೊಂಕಣಿ ಮಾತಿನ ಕ್ರೈಸ್ತರು ತೇರ್ಸ್ ಎನ್ನುತ್ತಾರೆ. ತೇರ್ಸ್ ಎಂಬುದು ಮೂರರಲ್ಲಿ ಒಂದು ಪಾಲು ಎಂಬರ್ಥದ ಪೋರ್ಚುಗೀಸ್ ಮಾತಿನಿಂದ ಬಂದುದು. ಪೂರ್ಣ ಜಪದಲ್ಲಿ ಮಾತೆ ಮರಿಯಳಿಗೆ 150 ನಮನಗಳು. ಸಂಸಾರಿಗಳಿಗೆ ಅಷ್ಟು ಬಿಡುವು ಎಲ್ಲಿಯದು? ಆದುದರಿಂದ ಅದರ ಮೂರನೆಯ ಒಂದು ಪಾಲಾದ 50 ನಮನಗಳನ್ನು ದಿನಕ್ಕೊಮ್ಮೆ ಹೇಳುವ ರೂಢಿ ನಿಂತಿತು. ಹಾಗೆ ಆ ಪಾಲಿನ ಹೆಸರೇ ಪ್ರಾರ್ಥನೆಯ ಹೆಸರೂ ಆಯಿತು.

ಈ ಸರದ ರಚನೆಯನ್ನು ತುಸು ತಿಳಿದುಕೊಳ್ಳದಿದ್ದರೆ ಮುಂದೆ ಹೇಳಲಿರುವ ಕಥೆ ಮನಸ್ಸಿಗೆ ಹತ್ತಲಾರದು. ಹತ್ತು ಸಣ್ಣ ಮಣಿಗಳು, ಆಮೇಲೆ ಬಿಡಿಯಾಗಿ ಒಂದು ಮಣಿ. ಇಂತಹ ಐದು ಹತ್ತುಗಳು ಸೇರಿ ಒಂದು ಸುತ್ತು. ಬಿಡಿ ಮಣಿಗೆ ಏಸುಸ್ವಾಮಿ ಕಲಿಸಿದ ಪರಲೋಕದ ತಂದೆಯ ಪ್ರಾರ್ಥನೆ. ಸಣ್ಣ ಮಣಿಗಳಿಗೆ ಮರಿಯಮ್ಮನ ನಮನ. ಇಷ್ಟೇ ಆಗಿದ್ದರೆ ಅದು ಬರಿಯ ಎಣಿಕೆಯಾಗುತ್ತಿತ್ತು. ಆದರೆ ಬಾಯಿ ನಮನವನ್ನು ಹೇಳುತ್ತಿರುವಾಗ, ಬೆರಳು ಮಣಿಯನ್ನು ಸರಿಸುತ್ತಿರುವಾಗ, ಮನಸ್ಸು ಒಂದೊಂದು ಹತ್ತಕ್ಕೂ ಒಂದೊಂದು ಚಿತ್ರವನ್ನು ನೋಡುತ್ತಿರಬೇಕು. ದೇವದೂತನು ಬಂದು ಕನ್ಯೆಗೆ ವಾರ್ತೆ ತಿಳಿಸಿದುದು, ದನದ ಕೊಟ್ಟಿಗೆಯಲ್ಲಿ ಮಗು ಹುಟ್ಟಿದುದು, ಎಣ್ಣೆಮರಗಳ ತೋಪಿನಲ್ಲಿ ಏಸುವು ರಾತ್ರಿಯೆಲ್ಲ ಸಂಕಟಪಟ್ಟುದು, ಮುಳ್ಳಿನ ಕಿರೀಟ, ಶಿಲುಬೆ, ಪುನರುತ್ಥಾನ, ಹೀಗೆ ಹದಿನೈದು ಚಿತ್ರಗಳು. ಹರ್ಷದವು ಐದು, ದುಃಖದವು ಐದು, ಮಹಿಮೆಯವು ಐದು. (2002ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಇನ್ನೂ ಐದನ್ನು ಸೇರಿಸಿದರು. ನಮ್ಮ ಕಥೆಯ ಕಾಲಕ್ಕೆ ಅವು ಇರಲಿಲ್ಲ.) ಅಕ್ಷರ ಬಾರದ ಮುದುಕಿಯೂ ಈ ಹದಿನೈದು ಚಿತ್ರಗಳನ್ನು ಬಲ್ಲಳು. ಇಗರ್ಜಿಯ ಗೋಡೆಯ ಮೇಲೆ, ಪೀಠದ ಮೇಲಿನ ಸ್ವರೂಪದಲ್ಲಿ, ಮನೆಯ ಪಟದಲ್ಲಿ ಅವನ್ನು ಕಂಡು ಕಂಡು ಒಳಗೆ ಇಳಿಸಿಕೊಂಡಿರುತ್ತಾಳೆ.

ಹೊರಗಿನ ಚಿತ್ರವನ್ನು ಕಸಿದುಕೊಂಡರೆ ಒಳಗಿನ ಚಿತ್ರ ಎಷ್ಟು ಕಾಲ ಉಳಿದೀತು? ಇದು ಕೇವಲ ಪಂಡಿತರ ಪ್ರಶ್ನೆಯಲ್ಲ. ಹದಿನೇಳನೆಯ ಶತಮಾನದಲ್ಲಿ ಸಿಂಹಳ ದ್ವೀಪದ ಸಾವಿರಾರು ಸಂಸಾರಗಳು ಈ ಪ್ರಶ್ನೆಯನ್ನು ಬದುಕಿನಲ್ಲಿಯೇ ಎದುರಿಸಬೇಕಾಯಿತು. ಅವರನ್ನು ಹುಡುಕಿಕೊಂಡು ಕೊರಳಲ್ಲಿ ಒಂದು ಜಪಸರವನ್ನು ಹಾಕಿಕೊಂಡು ಭಿಕ್ಷುಕನ ವೇಷದಲ್ಲಿ ಹೊರಟ ಮಹನೀಯರೇ ಜೋಸೆಫ್ ವಾಜ್. ಅವರು ನಮ್ಮ ಕರಾವಳಿಯಲ್ಲಿಯೂ ಮೂರು ವರ್ಷ ನಡೆದಾಡಿದವರು. ಆದರೂ ಕರಾವಳಿಯ ಕ್ರೈಸ್ತರನ್ನು ಬಿಟ್ಟರೆ ಕನ್ನಡಿಗರಲ್ಲಿ ಅವರ ಹೆಸರನ್ನು ಬಲ್ಲವರು ವಿರಳ.

ವಾಜರು ಹುಟ್ಟಿದುದು 1651ನೆಯ ಏಪ್ರಿಲ್ 21ರಂದು, ಗೋವೆಯ ಬಾಣಾವಲಿಯಲ್ಲಿ. ಅದು ತಾಯಿಯ ತವರೂರು. ತಂದೆಯ ಊರು ಸಾಂಕವಾಳ. ಮನೆತನ ಕ್ರೈಸ್ತಧರ್ಮಕ್ಕೆ ಸೇರಿದ ಕೊಂಕಣಿ ಬ್ರಾಹ್ಮಣರದು. ಬಾಲ್ಯದಲ್ಲಿ ಪೋರ್ಚುಗೀಸನ್ನೂ ಲ್ಯಾಟಿನನ್ನೂ ಕಲಿತು, ಗೋವಾ ನಗರದಲ್ಲಿ ಜೆಸುಯಿಟರ ಸಂತ ಪೌಲರ ವಿದ್ಯಾಲಯದಲ್ಲಿಯೂ ಡೊಮಿನಿಕನ್ನರ ವಿದ್ಯಾಲಯದಲ್ಲಿಯೂ ವ್ಯಾಸಂಗ ಮಾಡಿ, 1676ರಲ್ಲಿ ಗುರುದೀಕ್ಷೆ ಪಡೆದರು. ವಿದ್ಯೆಗೆ ಕೊರತೆಯಿರಲಿಲ್ಲ, ನಡತೆಗೆ ಕಳಂಕವಿರಲಿಲ್ಲ. ಆದರೆ ಮೈಬಣ್ಣದ್ದೊಂದು ಅಡ್ಡಿಯಿದ್ದಿತು. ಅಂದಿನ ಗೋವೆಯಲ್ಲಿ ದೇಶೀಯನಾದವನು ಪಾದ್ರಿಯಾಗಬಹುದಾಗಿತ್ತು; ಯೂರೋಪಿನವರ ಸಂನ್ಯಾಸಿ ಸಂಘಗಳಲ್ಲಿ ಮಾತ್ರ ಅವನಿಗೆ ಸ್ಥಳವಿರಲಿಲ್ಲ. ಎಲ್ಲರೂ ಒಬ್ಬ ತಂದೆಯ ಮಕ್ಕಳೆಂದು ಬೋಧಿಸುತ್ತಿದ್ದವರ ಮನೆಯ ಒಳಗಡೆಯೇ ಹೀಗೊಂದು ಪಂಕ್ತಿಭೇದ. ನಮ್ಮ ದೇಶದಲ್ಲಿ ಪಂಕ್ತಿಭೇದಕ್ಕೆ ಬರವಿಲ್ಲವಾದುದರಿಂದ ಈ ವಿಷಯದಲ್ಲಿ ಇತರರನ್ನು ಹಳಿಯಲು ನನಗೆ ನಾಲಗೆ ಏಳದು. ವಾಜರು ಈ ಬಗ್ಗೆ ದೂರುತ್ತ ಕೂರಲಿಲ್ಲ. ಸಾಂಕವಾಳದಲ್ಲಿ ಹುಡುಗರಿಗೆ ಲ್ಯಾಟಿನ್ ಪಾಠಶಾಲೆ ತೆರೆದರು. ಬಡವರು ನಡೆವಂತೆ ತಾವೂ ಬರಿಗಾಲಿನಲ್ಲಿ ನಡೆಯತೊಡಗಿದರು.

1677ನೆಯ ಆಗಸ್ಟ್ 5ರಂದು ಇಪ್ಪತ್ತಾರು ವರ್ಷದ ಈ ತರುಣ ಗುರುಗಳು ಒಂದು ವಿಚಿತ್ರವಾದ ಪತ್ರವನ್ನು ಬರೆದು ರುಜು ಹಾಕಿದರು. ಅದು ದಾಸ್ಯಪತ್ರ. ಅಂದಿನಿಂದ ತಾವು ಮಾತೆ ಮರಿಯಳ ಕ್ರೀತದಾಸರೆಂದೂ, ತಮ್ಮ ಮೇಲೆ ತಮಗೆ ಯಾವ ಹಕ್ಕೂ ಇಲ್ಲವೆಂದೂ ಅದರಲ್ಲಿ ಒಪ್ಪಿಸಿಕೊಂಡರು. ಅಂದಿನ ಗೋವೆ ದಾಸರನ್ನು ಮಾರುವ ಕೊಳ್ಳುವ ಪೇಟೆಯಾಗಿದ್ದಿತೆಂಬುದನ್ನು ನೆನೆದರೆ ಈ ಪತ್ರದ ಅರ್ಥ ಇನ್ನಷ್ಟು ಆಳವಾಗುತ್ತದೆ. ಆಫ್ರಿಕದಿಂದ ಹಡಗಿನಲ್ಲಿ ಬಂದಿಳಿದ ದಾಸರನ್ನು ಕೊಂಡವರು ಅಲ್ಲಿ ಕಾಗದ ಬರೆಸಿಕೊಳ್ಳುತ್ತಿದ್ದರು. ವಾಜರು ಅದೇ ಭಾಷೆಯನ್ನು ತೆಗೆದುಕೊಂಡು ತಮ್ಮನ್ನೇ ಮಾರಿಕೊಂಡರು. ದೈವದ ಮುಂದೆ ತಾನು ದಾಸನೆನ್ನುವ ಭಾವ ಹರಿದಾಸರ ನಾಡಿನವರಾದ ನಮಗೆ ಹೊಸದಲ್ಲ. ಆದರೆ ಅದನ್ನು ಕರಾರುಪತ್ರದಂತೆ ಬರೆದು ತಾರೀಖು ಹಾಕಿ ಇಟ್ಟುದು ಇವರ ಸ್ವಭಾವದ ಒಂದು ಮುಖವನ್ನು ತೋರಿಸುತ್ತದೆ. ಭಾವುಕರಾಗಿದ್ದರೂ ಕೆಲಸದಲ್ಲಿ ಅವರು ಬಲು ಕಟ್ಟುನಿಟ್ಟು.

1681ರಲ್ಲಿ ಗೋವೆಯ ಧರ್ಮಾಧಿಕಾರಿಗಳು ವಾಜರನ್ನು ಕನ್ನಡ ಕರಾವಳಿಯ ಕ್ರೈಸ್ತರ ಮುಖ್ಯಗುರುವನ್ನಾಗಿ ನಿಯಮಿಸಿ ಕಳುಹಿಸಿದರು. ಆಗ ಈ ನಾಡು ಕೆಳದಿಯ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿದ್ದಿತು. ಶಿವಾಜಿಯ ಮಗ ರಾಜಾರಾಮನಿಗೆ ಮುಂದೆ ಆಶ್ರಯಕೊಟ್ಟ ಆ ವೀರರಾಣಿಯೇ ಈಕೆ. ಮಂಗಳೂರಿನಲ್ಲಿಯೂ ಕುಂದಾಪುರದಲ್ಲಿಯೂ ಪೋರ್ಚುಗೀಸರ ಕಾಲದ ಇಗರ್ಜಿಗಳಿದ್ದವು. ಎರಡೂ ಜಪಸರದ ಮಾತೆಯ ಹೆಸರಿನವು. ಮಂಗಳೂರಿನದನ್ನು ಜನ ಈಗಲೂ ರೊಸಾರಿಯೊ ಎಂದೇ ಕರೆಯುತ್ತಾರೆ. ಆದರೆ ಮೊದಲಿನ ಪ್ರಾಬಲ್ಯ ಕುಗ್ಗಿ ಗುರುಗಳಿಲ್ಲದೆ ಜನ ಚದುರಿಹೋಗಿದ್ದರು. ಅದರ ಮೇಲೆ ಮನೆಯೊಳಗಿನ ಜಗಳ ಬೇರೆ. ಈ ಸೀಮೆಯ ಅಧಿಕಾರ ಪೋರ್ಚುಗಲ್ಲಿನ ದೊರೆಯ ಹಕ್ಕಿನಿಂದ ಬಂದ ಗೋವೆಯ ಪೀಠಕ್ಕೆ ಸೇರಿದುದೋ, ರೋಮಿನಿಂದ ನೇರವಾಗಿ ನೇಮಕಗೊಂಡು ಬಂದ ಬಿಷಪ್ ತೋಮಾಸ್ ದ ಕಾಸ್ತ್ರೊ ಅವರಿಗೆ ಸೇರಿದುದೋ ಎಂಬುದು ಜಗಳದ ಮೂಲ. ಒಬ್ಬರು ಕೊಟ್ಟ ಜ್ಞಾನಸ್ನಾನ, ಮಾಡಿಸಿದ ಮದುವೆ ಇನ್ನೊಬ್ಬರಿಗೆ ಸಮ್ಮತವಲ್ಲ. ಬಡ ಒಕ್ಕಲಿಗನಿಗೆ ತನ್ನ ಮದುವೆ ಮದುವೆಯೇ ಹೌದೋ ಅಲ್ಲವೋ ಎಂಬ ಸಂಶಯ. ವಾಜರನ್ನು ಕಳುಹಿಸಿದವರು ಒಂದು ಪಕ್ಷದವರು. ಅವರು ತಮ್ಮ ಪಕ್ಷದ ಪರವಾಗಿ ಕಾದಾಡಬಹುದಾಗಿತ್ತು. ಹಾಗೆ ಮಾಡದೆ ಬಿಷಪರ ಬಳಿಗೆ ತಾವೇ ಹೋಗಿ ವಿನಯದಿಂದ ನಡೆದುಕೊಂಡು, ತೀರ್ಪು ಮೇಲಿನಿಂದ ಬರುವವರೆಗೆ ಜನರಿಗೆ ತೊಂದರೆಯಾಗದಂತೆ ದಾರಿ ಹುಡುಕಲು ಶ್ರಮಿಸಿದರು. ಉಳಿದ ಸಮಯವೆಲ್ಲ ನಡಿಗೆಯಲ್ಲಿ ಕಳೆಯಿತು. ಕುಂದಾಪುರ, ಬಸರೂರು, ಬಾರ್ಕೂರು, ಮೂಲ್ಕಿ, ಮಂಗಳೂರು ಎಂದು ಹೊಳೆಗಳನ್ನು ದಾಟುತ್ತ, ಬಿದ್ದ ಇಗರ್ಜಿಗಳನ್ನು ಎಬ್ಬಿಸುತ್ತ, ಮಕ್ಕಳಿಗೆ ಶಾಲೆ ನಡೆಸುತ್ತ, ಮನೆಮನೆಯಲ್ಲಿ ಸಂಜೆಯ ಜಪವನ್ನು ನೆಲೆಗೊಳಿಸುತ್ತ ತಿರುಗಾಡಿದರು. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ಕುಂದಾಪುರದ ಇಗರ್ಜಿಯಲ್ಲಿ ಶಿಲುಬೆಯ ಮುಂದೆ ಪ್ರಾರ್ಥಿಸುತ್ತಿದ್ದಾಗ ಅವರ ದೇಹ ನೆಲದಿಂದ ಮೇಲೆದ್ದಿತೆಂಬ ಐತಿಹ್ಯವೂ ಉಂಟು. ನಂಬುವವರು ನಂಬಲಿ. ಬರಿಗಾಲಿನಲ್ಲಿ ಕರಾವಳಿಯ ಮಳೆಗಾಲವನ್ನು ಮೂರು ಸಲ ಕಳೆದುದೂ ನನ್ನ ಪಾಲಿಗೆ ಸಣ್ಣ ಪವಾಡವಲ್ಲ.

1684ರಲ್ಲಿ ಅವರು ಗೋವೆಗೆ ಮರಳಿದರು. ಅಲ್ಲಿ ಕೆಲವು ದೇಶೀಯ ಗುರುಗಳು ಪವಾಡಗಳ ಪವಿತ್ರ ಶಿಲುಬೆಯ ಇಗರ್ಜಿಯಲ್ಲಿ ಒಟ್ಟಾಗಿ ಬಾಳುತ್ತಿದ್ದರು. ಪರರ ಸಂಘಗಳ ಬಾಗಿಲು ಮುಚ್ಚಿರುವಾಗ ತಮ್ಮದೇ ಒಂದು ಮನೆಯನ್ನು ಕಟ್ಟಿಕೊಂಡರೆ ತಪ್ಪೇನೆಂಬುದು ಅವರ ವಿಚಾರ. 1685ರಲ್ಲಿ ವಾಜರು ಅವರನ್ನು ಸೇರಿ ಬೇಗನೆ ಅವರ ಹಿರಿಯರಾದರು. ಸಂತ ಫಿಲಿಪ್ ನೇರಿಯವರ ಒರೆಟೋರಿಯನ್ ಸಂಘದ ನಿಯಮಗಳನ್ನು ಅವರು ಅಂಗೀಕರಿಸಿದರು. ಬಿಳಿಯರಿಲ್ಲದ, ದೇಶೀಯರಿಂದಲೇ ನಡೆಯುವ ಈ ಸಂಘವೇ ಮುಂದೆ ಒಂದೂವರೆ ಶತಮಾನ ಕಾಲ ಸಿಂಹಳದ ಭಾರವನ್ನು ಹೊತ್ತಿತು. ವಾಜರ ಮನಸ್ಸಿನಲ್ಲಿ ಅದಕ್ಕೆ ಮೊದಲೇ ಸಿಂಹಳ ನಾಟಿದ್ದಿತು. ಹಿರಿತನವನ್ನು ಬಿಟ್ಟುಕೊಟ್ಟು 1686ರಲ್ಲಿ ಅವರು ಹೊರಟರು. ಕರಾವಳಿಯ ಹಳೆಯ ಪರಿಚಿತರ ನಡುವೆ ಹಾದು ಮಲೆಯಾಳ ದೇಶದ ಮೂಲಕ ತೂತ್ತುಕುಡಿಗೆ ನಡೆದರು. ಜೊತೆಗೆ ಯೋವಾನ್ ಎಂಬ ಸೇವಕನಿದ್ದನು. ಆತನನ್ನು ಸೇವಕನೆಂದು ಕರೆಯುವುದು ಲೋಕರೂಢಿಗೆ ಮಾತ್ರ. ಹಸಿವಿನಲ್ಲಿ, ಕಾಯಿಲೆಯಲ್ಲಿ, ಸೆರೆಮನೆಯಲ್ಲಿ ಆತ ಸಮಪಾಲುಗಾರನಾದನು.

ಇನ್ನು ಸಿಂಹಳದ ಸ್ಥಿತಿಯನ್ನು ಹೇಳಬೇಕು. ಆ ದ್ವೀಪದ ಕಡಲಂಚನ್ನು ಒಂದೂವರೆ ಶತಮಾನದ ಕಾಲ ಹಿಡಿದಿದ್ದ ಪೋರ್ಚುಗೀಸರಿಂದ ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಯಾಳ್ಪಾಣವನ್ನೂ ಗೆದ್ದುಕೊಂಡರು. ಡಚ್ಚರೂ ಕ್ರೈಸ್ತರೇ. ಆದರೆ ಕ್ಯಾಲ್ವಿನನ ಮತದವರು. ಪ್ರತಿಮೆಯನ್ನೂ ಪಟವನ್ನೂ ಜಪಮಣಿಯನ್ನೂ ಮೂಢಭಕ್ತಿಯೆಂದು ತಿರಸ್ಕರಿಸಿದವರು. ಪ್ರತಿಮೆಗೆ ಸಲ್ಲಿಸಿದ ಗೌರವ ಪ್ರತಿಮೆಯಲ್ಲಿ ನಿಲ್ಲದೆ ಅದು ಸೂಚಿಸುವ ವ್ಯಕ್ತಿಗೆ ಸಲ್ಲುತ್ತದೆಂದು ಕಥೋಲಿಕರ ವಾದ. ಮನುಷ್ಯನ ಮನಸ್ಸು ಮರದಲ್ಲಿಯೇ ನಿಂತುಬಿಡುತ್ತದೆಂದು ಇವರ ವಾದ. ಮೂರ್ತಿಪೂಜೆಯ ಕುರಿತು ನಮ್ಮಲ್ಲಿಯೂ ಇಂತಹ ವಾದಗಳು ನಡೆದಿವೆ. ವಾದವಾಗಿದ್ದಷ್ಟು ಕಾಲ ಬಾಧಕವಿಲ್ಲ. ಸಿಂಹಳದಲ್ಲಿ ಅದು ಕಾಯಿದೆಯಾಯಿತು. ಕಥೋಲಿಕ ಗುರುಗಳನ್ನೆಲ್ಲ ಹೊರಗಟ್ಟಲಾಯಿತು. 1658ರಲ್ಲಿಯೇ ಹೊರಟ ಆಜ್ಞೆಯಂತೆ ಕಥೋಲಿಕ ಪಾದ್ರಿಗೆ ಆಶ್ರಯ ಕೊಟ್ಟವನಿಗೆ ಮರಣದಂಡನೆ. ಇಗರ್ಜಿಗಳು ಡಚ್ಚರ ವಶವಾಗಿ ಒಳಗಿನ ಸ್ವರೂಪಗಳು ಮಾಯವಾದವು. ಊರೂರಿನ ಶಾಲೆಯೇ ದಾಖಲೆಯ ಕಚೇರಿಯಾಯಿತು. ಹುಟ್ಟಿದ ಮಗುವಿನ ಹೆಸರು, ಮದುವೆಯಾದವರ ಹೆಸರು ಅಲ್ಲಿ ಡಚ್ಚರ ಮತದ ಪ್ರಕಾರ ಬರೆಸಲ್ಪಡಬೇಕು. ಇಲ್ಲವಾದರೆ ಆಸ್ತಿಯ ಹಕ್ಕಿಗೂ ಸರಕಾರದ ಉದ್ಯೋಗಕ್ಕೂ ಸಂಚಕಾರ. ಸಾಮಾನ್ಯ ಸಂಸಾರಸ್ಥನು ಏನು ಮಾಡಬೇಕು? ಹಗಲು ಡಚ್ಚರ ಇಗರ್ಜಿಯಲ್ಲಿ ಹೆಸರು ಬರೆಸಿ ಬಂದು, ರಾತ್ರಿ ಕದ ಮುಚ್ಚಿ ಅಕ್ಕಿಯ ಮಡಕೆಯ ಹಿಂದೆ ಅಡಗಿಸಿಟ್ಟ ಸರವನ್ನು ಹೊರಗೆ ತೆಗೆಯಬೇಕು. ಕೆಲವರಿಗೆ ಈ ಎರಡು ಬಾಳು ಸಾಕೆನಿಸಿತು. ಸುಮಾರು 1670ರಲ್ಲಿ ಮಾಂತೈ ಎಂಬ ಊರಿನ ಇಪ್ಪತ್ತು ಕುಟುಂಬಗಳು ತಮ್ಮ ಇಗರ್ಜಿಯ ಮರಿಯಮ್ಮನ ಸ್ವರೂಪವನ್ನು ಹೊತ್ತುಕೊಂಡು ಕಾಡಿನೊಳಕ್ಕೆ ಓಡಿಹೋದುವೆಂದು ಸಂಪ್ರದಾಯ ಹೇಳುತ್ತದೆ. ಅವರು ನೆಲಸಿದ ತಾಣವೇ ಇಂದು ಶ್ರೀಲಂಕೆಯ ಪ್ರಸಿದ್ಧ ಯಾತ್ರಾಸ್ಥಳವಾದ ಮಡು. ಮನೆ ಮಠ, ಗದ್ದೆ, ಬಾವಿ ಎಲ್ಲವನ್ನೂ ಬಿಟ್ಟು ಒಂದು ಮರದ ಬೊಂಬೆಯನ್ನು ಹೊತ್ತೊಯ್ದರಲ್ಲಾ ಎಂದು ಡಚ್ಚರು ನಕ್ಕಿರಬಹುದು. ಹೊತ್ತವರಿಗೆ ಅದು ಬೊಂಬೆಯಾಗಿರಲಿಲ್ಲ.

ಹೀಗೆ ಗುರುವಿನ ಮುಖ ಕಾಣದೆ ಸುಮಾರು ಮೂವತ್ತು ವರ್ಷಗಳು ಉರುಳಿದ್ದವು. ಒಂದು ತಲೆಮಾರು ಪೂಜೆಯನ್ನು ಕಾಣದೆಯೇ ಬೆಳೆದು ದೊಡ್ಡದಾಯಿತು. 1687ರಲ್ಲಿ ವಾಜರೂ ಯೋವಾನನೂ ಕೂಲಿಗಳ ವೇಷದಲ್ಲಿ ಹಡಗೇರಿ ಯಾಳ್ಪಾಣವನ್ನು ತಲಪಿದರು. ದಾರಿಯ ಹಸಿವು ನೀರಡಿಕೆಗಳಿಂದ ಇಬ್ಬರಿಗೂ ರಕ್ತಭೇದಿ ಅಂಟಿಕೊಂಡಿತು. ಅಂಟುರೋಗದ ಪರದೇಶಿಗಳು ಊರೊಳಗಿರಬಾರದೆಂದು ಅವರನ್ನು ಹೊರಗಟ್ಟಲಾಯಿತೆಂದೂ, ಊರಾಚೆ ಬಿದ್ದಿದ್ದ ಅವರಿಗೆ ದಯಾಳುವಾದ ಒಬ್ಬ ಹೆಂಗಸು ಗಂಜಿ ತಂದುಕೊಟ್ಟು ಬದುಕಿಸಿದಳೆಂದೂ ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಆಕೆಯ ಹೆಸರು ನಮಗೆ ತಿಳಿಯದು. ಈ ಕಥೆಯಲ್ಲಿ ಹೆಸರು ತಿಳಿಯದವರ ಪಾತ್ರವೇ ದೊಡ್ಡದು.

ಮೈಯಲ್ಲಿ ತ್ರಾಣ ಬಂದ ಮೇಲೆ ನಿಜವಾದ ಕಷ್ಟ ಎದುರಾಯಿತು. ಕಥೋಲಿಕರನ್ನು ಕಂಡುಹಿಡಿಯುವುದು ಹೇಗೆ? ಯಾರನ್ನು ಕೇಳುವುದು? ಎದುರಿಗಿರುವವನು ಗುಟ್ಟಿನ ಭಕ್ತನೋ, ಡಚ್ಚರ ಚಾರನೋ? ಕೇಳಿದರೆ ಕೇಳಿದವನ ಕುತ್ತಿಗೆಗೆ ಹಗ್ಗ. ಉತ್ತರ ಹೇಳಿದರೆ ಹೇಳಿದವನ ಕುತ್ತಿಗೆಗೂ ಹಗ್ಗ. ಬಾಯಿಂದ ಆಡಲಾರದುದನ್ನು ವಾಜರು ಜಪಸರದಿಂದ ಆಡಿಸಿದರು. ಭಿಕ್ಷುಕನ ಹರಕು ಬಟ್ಟೆಯ ಮೇಲೆ ಎಲ್ಲರ ಕಣ್ಣಿಗೂ ಬೀಳುವಂತೆ ಕೊರಳಿಗೆ ಜಪಸರವನ್ನು ಹಾಕಿಕೊಂಡು ಮನೆಯಿಂದ ಮನೆಗೆ ಭಿಕ್ಷೆಗೆ ಹೊರಟರು. ಬಾಗಿಲಲ್ಲಿ ನಿಂತು ಕೈಯೊಡ್ಡುವುದು. ಅಕ್ಕಿ ಹಾಕಲು ಬಂದವರ ಕಣ್ಣು ಎಲ್ಲಿ ನಿಲ್ಲುತ್ತದೆಂದು ನೋಡುವುದು. ಕೆಲವರು ಸರವನ್ನು ಕಂಡು ಮುಖ ಸಿಂಡರಿಸಿ ಕದ ಹಾಕಿಕೊಂಡರು. ಕೆಲವರಿಗೆ ಅದು ಬರಿಯ ಮಣಿಸರ. ಎಲ್ಲೋ ಕೆಲವರ ನೋಟ ಮಾತ್ರ ಸರದ ಮೇಲೆ ಒಂದು ಗಳಿಗೆ ನಿಂತು, ಬೀದಿಯ ಎರಡು ಕಡೆಗೂ ಹರಿದು, ಮತ್ತೆ ಸರಕ್ಕೆ ಮರಳುತ್ತಿತ್ತು. ಅಂತಹ ಮನೆಗೆ ವಾಜರು ಮತ್ತೊಮ್ಮೆ, ಮಗುದೊಮ್ಮೆ ಹೋಗುತ್ತಿದ್ದರು. ಕೊನೆಗೆ ಒಂದು ಮನೆಯವರು ಧೈರ್ಯಮಾಡಿ ಅವರನ್ನು ಒಳಕ್ಕೆ ಕರೆದರು. ಈ ತಿರುಕನೇ ಗುರುವೆಂದು ತಿಳಿದಾಗ ಆ ಮನೆಯವರಿಗೆ ಏನಾಗಿರಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಒಂದು ಮನೆಯಿಂದ ಇನ್ನೊಂದು ಮನೆಗೆ ಸುದ್ದಿ ಪಿಸುಮಾತಿನಲ್ಲಿ ಹರಡಿತು.

ಜಪಸರವನ್ನು ಒಂದು ಉಪಾಯವೆಂದು ಮೆಚ್ಚಿ ಸುಮ್ಮನಾಗುವುದು ಸುಲಭ. ಆದರೆ ಆ ಉಪಾಯ ಫಲಿಸಿದುದು ಏತಕ್ಕೆ? ಮೂವತ್ತು ವರ್ಷ ಗುರುವಿಲ್ಲದೆ, ಇಗರ್ಜಿಯಿಲ್ಲದೆ, ಪೀಠದ ಮೇಲಿನ ಸ್ವರೂಪವಿಲ್ಲದೆ ಇದ್ದ ಜನ ಆ ಸರವನ್ನು ಗುರುತಿಸದೆ ಹೋಗಿದ್ದರೆ ವಾಜರು ಬೀದಿಬೀದಿ ಅಲೆದು ಬರಿಗೈಯಲ್ಲಿ ಹಿಂತಿರುಗಬೇಕಾಗಿತ್ತು. ಪೂಜೆಗೆ ಗುರು ಬೇಕು. ಪಾಪನಿವೇದನೆಗೆ ಗುರು ಬೇಕು. ಜಪಸರಕ್ಕೆ ಯಾರೂ ಬೇಡ. ಅಜ್ಜಿಯೊಬ್ಬಳು ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ಮಣಿ ಸರಿಸುತ್ತ ಹದಿನೈದು ಚಿತ್ರಗಳನ್ನು ಹೇಳಿದರೆ ಮುಗಿಯಿತು. ಸರವನ್ನೇ ಕಿತ್ತುಕೊಂಡರೂ ಹತ್ತು ಬೆರಳುಗಳಿವೆಯಷ್ಟೆ! ಡಚ್ಚರು ಗೋಡೆಯ ಚಿತ್ರಕ್ಕೆ ಸುಣ್ಣ ಬಳಿಯಬಲ್ಲವರಾಗಿದ್ದರು. ಈ ಚಿತ್ರಗಳ ಬಳಿಗೆ ಅವರ ಕುಂಚ ಹೋಗಲಾರದಾಗಿತ್ತು. ವಾಜರು ಯಾಳ್ಪಾಣಕ್ಕೆ ಭಕ್ತಿಯನ್ನು ತಂದರೆಂದು ಹೇಳುವುದಕ್ಕಿಂತ, ಹೆಂಗಸರೂ ಮುದುಕರೂ ಕಾಪಾಡಿಕೊಂಡು ಬಂದುದನ್ನು ಬಂದು ಕಂಡರೆಂದು ಹೇಳುವುದೇ ನ್ಯಾಯವೆಂದು ನನಗೆ ತೋರುತ್ತದೆ.

ಯಾಳ್ಪಾಣದ ಹತ್ತಿರದ ಸಿಲ್ಲಾಲೈ ಎಂಬ ಹಳ್ಳಿಯ ಜನ ಅವರನ್ನು ಕರೆದೊಯ್ದು ಇಟ್ಟುಕೊಂಡರು. ಊರಿಗೆ ಊರೇ ಕಾವಲು. ಹಗಲೆಲ್ಲ ಅಡಗಿದ್ದು ರಾತ್ರಿಯಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು, ಮಕ್ಕಳಿಗೆ ಜ್ಞಾನಸ್ನಾನ, ಮುದುಕರಿಗೆ ಪಾಪನಿವೇದನೆ, ಬೆಳಕು ಹರಿಯುವ ಮೊದಲು ಪೂಜೆ, ಮತ್ತೆ ಮರೆ. ಸುಮಾರು ಎರಡು ವರ್ಷ ಹೀಗೆ ನಡೆಯಿತು. ಡಚ್ಚರಿಗೆ ವಾಸನೆ ಹತ್ತದಿರುವುದು ಸಾಧ್ಯವೆ? ಒಂದು ಕ್ರಿಸ್ಮಸ್ ಹಬ್ಬದ ರಾತ್ರಿ, ಜನ ಪೂಜೆಗೆಂದು ಮನೆಗಳಲ್ಲಿ ಸೇರಿದ್ದಾಗ, ಸಿಪಾಯಿಗಳು ಬಾಗಿಲೊಡೆದು ನುಗ್ಗಿದರು. ಹಲವು ಮಂದಿ ಹೆಂಗಸರು ಗಂಡಸರು ಸೆರೆಯಾದರು. ಅಲಂಕರಿಸಿದ್ದ ಸ್ವರೂಪಗಳೂ ಪಟಗಳೂ ಕಾಲಡಿಗೆ ಸಿಕ್ಕಿದವು. ವಾಜರು ಮಾತ್ರ ಕೈಗೆ ಸಿಗಲಿಲ್ಲ. ಸಿಕ್ಕಿದವರಲ್ಲಿ ಎಂಟು ಮಂದಿಯನ್ನು ಬೇರೆ ತೆಗೆದು ಕ್ರೂರವಾಗಿ ಹೊಡೆಸಿದರು. ಅವರಲ್ಲಿ ದೋನ್ ಪೆದ್ರು ಎಂಬಾತ ಡಚ್ಚರ ಮತವನ್ನು ಬಿಟ್ಟು ಕಥೋಲಿಕನಾದವನು. ಆದುದರಿಂದ ಅವನ ಮೇಲಿನ ಸಿಟ್ಟು ಹೆಚ್ಚು. ಆ ಪೆಟ್ಟುಗಳಿಂದಲೇ ಅವನು ಸತ್ತನು. ಉಳಿದವರ ಪಾಲಿಗೆ ಸೆರೆಮನೆಯ ಬಿಟ್ಟಿ ದುಡಿಮೆ ಬಂದಿತು. ವಾಜರನ್ನು ಕುರಿತು ಬರೆಯುವವರು ಅವರು ಪಾರಾದ ಅದ್ಭುತವನ್ನು ಬಣ್ಣಿಸುವುದುಂಟು. ಪಾರಾಗದವರ ಮಾತನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಜಪಸರ ಹಾಕಿಕೊಂಡು ಬಾಗಿಲಿಗೆ ಬಂದವನು ಪರವೂರಿನವನು, ನಾಳೆ ಹೊರಟುಹೋಗಬಲ್ಲವನು. ಬಾಗಿಲು ತೆರೆದವನಿಗೆ ಹೋಗಲು ಬೇರೆ ಊರಿರಲಿಲ್ಲ. ವಾಜರ ಮನಸ್ಸನ್ನು ಇದು ಕಾಡದೆ ಇದ್ದಿರಲಾರದು. ತಾವು ಅಲ್ಲಿದ್ದಷ್ಟೂ ಜನರಿಗೆ ಕೇಡೆಂದು ಕಂಡಾಗ ಅವರು ಯಾಳ್ಪಾಣವನ್ನು ಬಿಟ್ಟರು. 1690ರಲ್ಲಿ ಡಚ್ಚರ ಎಲ್ಲೆಯಾಚೆ ಕ್ಯಾಂಡಿಯ ದೊರೆಯ ಸೀಮೆಯಾದ ಪುತ್ತಲಮನ್ನು ಸೇರಿದರು.

ಅಲ್ಲಿಂದ 1692ರಲ್ಲಿ ಬೆಟ್ಟಗಳ ನಡುವಿನ ರಾಜಧಾನಿ ಕ್ಯಾಂಡಿಗೆ ಪಯಣ. ದೊರೆ ಎರಡನೆಯ ವಿಮಲಧರ್ಮಸೂರ್ಯ ಬೌದ್ಧನು, ಉದಾರಿ. ಆದರೆ ಆಸ್ಥಾನದಲ್ಲಿದ್ದ ಕ್ಯಾಲ್ವಿನ್ ಮತದ ಒಬ್ಬ ಫ್ರೆಂಚ್ ಗೃಹಸ್ಥನು ಇವರು ಪೋರ್ಚುಗೀಸರ ಗೂಢಚಾರರೆಂದು ಕಿವಿಯೂದಿದನು. ವಾಜರೂ ಯೋವಾನನೂ ಬಂದಿಗಳಾದರು. ಕ್ಯಾಲ್ವಿನ್ ಮತದವರ ನಾಡಿನಿಂದ ಪಾರಾಗಿ ಬೌದ್ಧರ ನಾಡಿಗೆ ಬಂದರೆ ಅಲ್ಲಿಯೂ ಕ್ಯಾಲ್ವಿನ್ ಮತದವನ ಕೈಯಿಂದಲೇ ಸೆರೆಮನೆ! ವಾಜರು ಸೆರೆಯನ್ನು ಪಾಠಶಾಲೆ ಮಾಡಿಕೊಂಡು ಸಿಂಹಳ ಭಾಷೆಯನ್ನು ಕಲಿತರು. ಕಾವಲು ಸಡಿಲವಾದಂತೆ ಆವರಣದಲ್ಲೇ ಒಂದು ಗುಡಿಸಲನ್ನು ಹಾಕಿ, ಪೀಠವನ್ನು ಮಾಡಿ, ಜಪವನ್ನು ತೊಡಗಿದರು. ಪೋರ್ಚುಗೀಸರ ಕಾಲದಲ್ಲಿ ಸೆರೆಸಿಕ್ಕಿ ಕ್ಯಾಂಡಿಯಲ್ಲಿಯೇ ನೆಲಸಿದ್ದ ಕಥೋಲಿಕರ ಸಂತತಿಯವರು ಒಬ್ಬೊಬ್ಬರಾಗಿ ಬಂದು ಸೇರಿದರು.

ಸುಮಾರು 1696ರಲ್ಲಿ ಕ್ಯಾಂಡಿಯಲ್ಲಿ ಘೋರವಾದ ಕ್ಷಾಮ ತಲೆದೋರಿತು. ಭಿಕ್ಷುಗಳ ಪ್ರಾರ್ಥನೆಯಿಂದಲೂ ಮಳೆಯಾಗಲಿಲ್ಲ. ದೊರೆಯ ಅಪೇಕ್ಷೆಯಂತೆ ವಾಜರು ಬಯಲಿನಲ್ಲಿ ಪೀಠವನ್ನು ನಿಲಿಸಿ ಅದರ ಮೇಲೆ ಶಿಲುಬೆಯನ್ನಿರಿಸಿ ಮೊಣಕಾಲೂರಿದರು, ಮಳೆ ಸುರಿಯಿತು, ಪೀಠವೂ ಅವರೂ ಮಾತ್ರ ನೆನೆಯಲಿಲ್ಲವೆಂದು ಕಥೆ. ನಮ್ಮ ವಿಜ್ಞಾನ ವಿಭಾಗದ ಮಿತ್ರರು ಇಲ್ಲಿ ನಗುವರೆಂದು ಬಲ್ಲೆನು. ಮಳೆ ಏಕೆ ಬಂತೆಂಬ ಚರ್ಚೆ ಅವರಿಗಿರಲಿ. ಅಂದಿನಿಂದ ವಾಜರಿಗೆ ರಾಜ್ಯದಲ್ಲೆಲ್ಲ ಸಂಚರಿಸುವ, ಬೋಧಿಸುವ ಅಪ್ಪಣೆ ದೊರಕಿತೆಂಬುದು ಚರಿತ್ರೆಯ ಮಾತು. ಡಚ್ಚರ ಸೀಮೆಯಲ್ಲಿ ಅಡಗಿಸಿಡಬೇಕಾಗಿದ್ದ ಶಿಲುಬೆ ಇಲ್ಲಿ ಬೌದ್ಧ ದೊರೆಯ ರಾಜಧಾನಿಯ ನಟ್ಟನಡುವೆ ಹಾಡುಹಗಲಲ್ಲಿ ನಿಂತಿತು. ಬೌದ್ಧ ದೊರೆಯ ಈ ಔದಾರ್ಯವನ್ನು ಆ ಕಾಲದ ಕ್ರೈಸ್ತ ದೊರೆಗಳಲ್ಲಿ ಹುಡುಕುವುದು ಕಷ್ಟ.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂದಿತು. ದೊರೆ ನಗರವನ್ನು ಬಿಟ್ಟನು. ಸ್ಥಿತಿವಂತರು ಹಿಂದೆಯೇ ಹೊರಟರು. ರೋಗಿಗಳನ್ನು ಕಾಡಂಚಿನಲ್ಲಿ ಬಿಟ್ಟುಬಂದ ಮನೆಗಳೂ ಇದ್ದವು. ಆ ಹೊತ್ತಿಗೆ ಗೋವೆಯಿಂದ ಬಂದು ಸೇರಿದ್ದ ಬಂಧು ಜೋಸೆಫ್ ಕಾರ್ವಾಲ್ಯೊ ಅವರೊಡನೆ ವಾಜರು ಉಳಿದುಕೊಂಡರು. ಬರಿದಾದ ಮನೆಗಳಿಗೆ ರೋಗಿಗಳನ್ನು ಹೊತ್ತುತಂದು, ತೊಳೆದು, ಗಂಜಿ ಕುಡಿಸಿ, ಸತ್ತವರಿಗೆ ಗುಂಡಿ ತೋಡಿದರು. ರೋಗಿ ಕ್ರೈಸ್ತನೋ ಬೌದ್ಧನೋ ಎಂದು ವಿಚಾರಿಸಲಿಲ್ಲ. ಹತ್ತು ವರ್ಷ ಹಿಂದೆ ಯಾಳ್ಪಾಣದ ಊರಾಚೆಯಲ್ಲಿ ತಾವು ಬಿದ್ದಿದ್ದಾಗ ಗಂಜಿ ತಂದವಳ ನೆನಪು ಅವರಿಗೆ ಬಾರದಿದ್ದೀತೆ?

ಮುಂದಿನ ವರ್ಷಗಳನ್ನು ವಿಸ್ತರಿಸಬೇಕಾಗಿಲ್ಲ. ಗೋವೆಯಿಂದ ಇನ್ನೂ ಕೆಲವು ಒರೆಟೋರಿಯನ್ ಗುರುಗಳು ಬಂದರು. ದ್ವೀಪವನ್ನು ಹಂಚಿಕೊಂಡು ಕೆಲಸ ಮಾಡಿದರು. ಡಚ್ಚರ ಸೀಮೆಗೂ ವಾಜರು ವೇಷ ಮರೆಸಿಕೊಂಡು ಹೋಗಿ ಬರುತ್ತಲೇ ಇದ್ದರು. ಕೊಲಂಬೊವಿನ ಒಳಗೇ ರಾತ್ರಿ ಪೂಜೆ ನಡೆಸಿ ಬಂದುದೂ ಉಂಟು. ಬಿಷಪ್ ಪದವಿಯ ಮಾತು ಬಂದಾಗ ಒಲ್ಲೆನೆಂದರು. ಅವರು ಮಾಡಿದ ಒಂದು ಕೆಲಸ ಮಾತ್ರ ಇಲ್ಲಿ ಹೇಳತಕ್ಕದ್ದು. ಗುರುವಿಲ್ಲದ ಕಾಲ ಮತ್ತೆ ಬಂದೀತೆಂಬುದನ್ನು ಅವರು ಮರೆಯಲಿಲ್ಲ. ಹಳ್ಳಿಹಳ್ಳಿಯಲ್ಲಿ ಸಂಸಾರಸ್ಥರೊಬ್ಬರನ್ನು ಆರಿಸಿ, ಗುರುಗಳು ಬಾರದ ದಿನಗಳಲ್ಲಿ ಜನರನ್ನು ಸೇರಿಸಿ ಜಪ ನಡೆಸುವ, ಮಕ್ಕಳಿಗೆ ಹೇಳಿಕೊಡುವ ಹೊಣೆಯನ್ನು ಅವರಿಗೆ ವಹಿಸಿದರು. ಪ್ರಾರ್ಥನೆಗಳನ್ನು ತಮಿಳು ಸಿಂಹಳಗಳಿಗೆ ತಂದರು. 1705ರಲ್ಲಿ ಬಂದ ಜಾಕೋಮೆ ಗೊನ್ಸಾಲ್ವೆಸ್ ಎಂಬ ಗೋವೆಯ ಪ್ರತಿಭಾವಂತರು ಈ ಕೆಲಸವನ್ನು ಬಹುದೂರ ಕೊಂಡೊಯ್ದರು. ಸಿಂಹಳದ ಕ್ರೈಸ್ತ ಸಾಹಿತ್ಯಕ್ಕೆ ಅವರೇ ಮೂಲಪುರುಷರು. ಏಸುವಿನ ಯಾತನೆಯ ಚಿತ್ರಗಳು ಅವರ ಕೈಯಲ್ಲಿ ಸಿಂಹಳದ ಮಾತನ್ನೂ ರಾಗವನ್ನೂ ತೊಟ್ಟುಕೊಂಡವು.

ಬರಿಗಾಲಿನ ನಡಿಗೆ, ಅರೆಹೊಟ್ಟೆ, ಕಾಡುಜ್ವರ ಇವುಗಳಿಂದ ದೇಹ ಸೋತಿದ್ದಿತು. ಕೊನೆಯ ದಿನಗಳಲ್ಲಿ ಹಾಸಿಗೆ ಹಿಡಿದು, 1711ನೆಯ ಜನವರಿ 16ರ ರಾತ್ರಿ ಕ್ಯಾಂಡಿಯಲ್ಲಿ ವಾಜರು ತೀರಿಕೊಂಡರು. ಅರವತ್ತು ತುಂಬಲು ಇನ್ನೂ ಮೂರು ತಿಂಗಳಿದ್ದವು. ಸಿಂಹಳಕ್ಕೆ ಕಾಲಿಟ್ಟು ಇಪ್ಪತ್ನಾಲ್ಕು ವರ್ಷಗಳಾಗಿದ್ದವು. ಒಮ್ಮೆಯೂ ಗೋವೆಗೆ ಮರಳಿರಲಿಲ್ಲ. ಕ್ಯಾಂಡಿಯ ಇಗರ್ಜಿಯಲ್ಲಿ ಅವರನ್ನು ಸಮಾಧಿ ಮಾಡಿದರು. ಮುಂದೆ ಬಂದ ದೊರೆಯೊಬ್ಬನು ಕ್ರೈಸ್ತರ ಮೇಲೆ ಮುನಿದುದರಿಂದ ಆ ಇಗರ್ಜಿಯೂ ಉಳಿಯಲಿಲ್ಲ. ಸಮಾಧಿ ಎಲ್ಲಿದ್ದಿತೆಂದು ತೋರಿಸುವವರಿಲ್ಲದೆ ಹೋಯಿತು. ಕಥೋಲಿಕರಲ್ಲಿ ಸಂತರ ಅಸ್ಥಿಯನ್ನೂ ಅವರು ಬಳಸಿದ ವಸ್ತುಗಳನ್ನೂ ಗೌರವದಿಂದ ಕಾಪಾಡುವ ವಾಡಿಕೆಯುಂಟು. ವಾಜರದೆಂದು ಮುಟ್ಟಿ ನಮಸ್ಕರಿಸಲು ಸಿಂಹಳದಲ್ಲಿ ಒಂದು ಎಲುಬೂ ದೊರೆಯಲಿಲ್ಲ.

ಡಚ್ಚರ ಆಳ್ವಿಕೆ 1796ರಲ್ಲಿ ಕೊನೆಗೊಂಡಿತು. ಕಥೋಲಿಕರ ಮೇಲಿದ್ದ ನಿರ್ಬಂಧಗಳನ್ನು ಆಂಗ್ಲರು 1806ರಲ್ಲಿ ತೆಗೆದುಹಾಕಿದರು. ಮುಚ್ಚಿದ ಬಾಗಿಲುಗಳ ಹಿಂದೆ ಆರೇಳು ತಲೆಮಾರುಗಳು ಕಳೆದುಹೋಗಿದ್ದರೂ ಅಂದು ಹೊರಗೆ ಬಂದ ಕಥೋಲಿಕರ ಸಂಖ್ಯೆ ದೊಡ್ಡದಾಗಿಯೇ ಇದ್ದಿತು. ಆಸ್ತಿಗೂ ಉದ್ಯೋಗಕ್ಕೂ ಡಚ್ಚರ ಮತಕ್ಕೆ ಹೆಸರು ಬರೆಸಿದ್ದವರಲ್ಲಿ ಬಹುಮಂದಿ ಅದನ್ನು ಬಿಟ್ಟುಬಿಟ್ಟರು. ವಾಜರನ್ನು 1995ನೆಯ ಜನವರಿ 21ರಂದು ಕೊಲಂಬೊವಿನಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಧನ್ಯರೆಂದು ಸಾರಿದರು. 2015ನೆಯ ಜನವರಿ 14ರಂದು ಅದೇ ನಗರದ ಕಡಲತ್ತಿರದ ಗಾಲ್ ಫೇಸ್ ಬಯಲಿನಲ್ಲಿ ಪೋಪ್ ಫ್ರಾನ್ಸಿಸರು ಸಂತಪದವಿಗೇರಿಸಿದರು. ಅವರನ್ನು ಹಿಡಿಯಲು ಡಚ್ಚರು ಆಜ್ಞೆಗಳನ್ನು ಹೊರಡಿಸುತ್ತಿದ್ದ ಕೋಟೆ ಇದ್ದುದು ಆ ಬಯಲಿನ ಪಕ್ಕದಲ್ಲಿಯೇ. ಇಂದು ಕುಂದಾಪುರದ ಇಗರ್ಜಿಯಲ್ಲಿಯೂ, ಮುಡಿಪುವಿನ ಗುಡ್ಡದಲ್ಲಿಯೂ, ಸಿಲ್ಲಾಲೈಯ ಹಳ್ಳಿಯಲ್ಲಿಯೂ ಅವರ ಸ್ವರೂಪಗಳಿವೆ. ಬದುಕಿದ್ದಾಗ ಯಾರ ಕಣ್ಣಿಗೂ ಬೀಳದಂತೆ ತಿರುಗಾಡಿದ ಆ ಮನುಷ್ಯರ ಮುಖವನ್ನು ಈಗ ಹಾಡುಹಗಲಿನಲ್ಲಿ ಯಾರು ಬೇಕಾದರೂ ನಿಂತು ನೋಡಬಹುದು.